ಬೀರಮ್ಮಕ್ಕನಿಗೆ ಕೆಲಸ ಹೇಳಿದ್ದು

ಕುಂಬಾರಕೊಪ್ಪಲು, ಮೈಸೂರು
೧೨-೧-೧೯೫೯

ಅವ್ವನಿಗೆ ದೇವಿರಮ್ಮನ ನಮಸ್ಕಾರ.

ಮೇಷ್ಟ್ರ ಕೈಲಿ ಇದನ್ನು ಗಟ್ಟಿಯಾಗಿ ಓದಿಸಿಕೊ. ಊದುಬತ್ತಿ ಕಾರ್ಖಾನೆಯಲ್ಲಿ ನನ್ನನ್ನು ಮೇಸ್ತ್ರಿ ಮಾಡಿದ್ದಾರೆ ಕಣವ್ವ! ಮೂವತ್ತು ಹೆಂಗಸರಿಗೆ ನಾನು ಕೆಲಸ ಹೇಳಬೇಕು. ಮೊದಲ ದಿನವೇ, ನನಗೆ ಬತ್ತಿ ಹೊಸೆಯಲು ಕಲಿಸಿದ ಬೀರಮ್ಮಕ್ಕನ ಬತ್ತಿಗಳೇ ದಪ್ಪವಾಗಿದ್ದವು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಕ್ಕನ ಪಕ್ಕದಲ್ಲಿ ಕೂತು, "ಅಕ್ಕಾ, ಇವನ್ನು ಇನ್ನೊಂದು ಸಲ ಹೊಸೀರಿ" ಅಂದೆ.

"ಬೆರಳೆಲ್ಲ ಜೋಮು ಹಿಡೀತವೆ ಕಣಮ್ಮ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳ್ನಿಲ್ಲ" ಅಂದರು, ಮೆಲ್ಲಗೆ.

ಸಾಹುಕಾರರನ್ನು ಒಪ್ಪಿಸಿ, ಹೊಸಬರಿಗೆ ಕಲಿಸುವ ಕೆಲಸವನ್ನು ಅವರಿಗೇ ಕೊಡಿಸಿದೆ. ಈಗ ಅವರ ಗದರಿಕೆ ಬೀದಿಗೂ ಕೇಳುತ್ತೆ! ಅವರ ಕೈಗೆ ಹಚ್ಚಲು ನಿನ್ನ ನೋವಿನೆಣ್ಣೆ ಕಳಿಸು.

ನಿನ್ನೆ ಊಟಕ್ಕೆ ಏಳಲಿಲ್ಲವೆಂದು ನನ್ನನ್ನೂ ಗದರಿದರು. ಈ ಮೇಸ್ತ್ರಿ ತಟ್ಟನೆ ಎದ್ದು ಕೈ ತೊಳೆದಳು.

ನಿನ್ನ ಮಗಳು,
ದೇವಿರಮ್ಮ