ಹುಟ್ಟದವರ ಹಿಡಿಮಣ್ಣು

ಬಡಗಣ ಜವಳು ಹೊಲ
ಬಯಲಿಗೆ ಬಂದ ನೂರಾ ಹದಿನೆಂಟನೆಯ ವರ್ಷ, ಕರಗುತಿಂಗಳ ನಲವತ್ತೊಂದನೆಯ ದಿನ

ಇನ್ನೂ ಹುಟ್ಟದ ನಮ್ಮ ಮಕ್ಕಳ ಮಕ್ಕಳಿಗೆ,

ತಿಂಗಳಿಗೆ ನಲವತ್ತೊಂದು ದಿನವೇ ಎಂದು ನಗಬೇಡಿ. ಹಿಮ ಕರಗಲು ಶುರುವಾದಂದಿನಿಂದ ಹೊಲದ ಮೇಲಿನ ನೀರು ಇಂಗುವ ತನಕ ನಮಗೆ ಒಂದೇ ತಿಂಗಳು. ಅದನ್ನು ಕರಗುತಿಂಗಳು ಎನ್ನುತ್ತೇವೆ. ಅದು ತನಗೆ ಬೇಕಾದಷ್ಟು ದಿನ ಇರುತ್ತದೆ. ಹಳೆಯ ಲೆಕ್ಕದಲ್ಲಿ ಇದು ಎರಡು ಸಾವಿರದ ಇನ್ನೂರ ಮೂವತ್ತನೆಯ ಇಸವಿಯ ಆಸುಪಾಸು. ನೀವು ಇದನ್ನು ಓದುವಾಗ ಈ ಲೆಕ್ಕವೂ ಹಳತಾಗಿರುತ್ತದೆ, ನನ್ನ ಕನ್ನಡವೂ ಹಳತಾಗಿರುತ್ತದೆ. ಅರ್ಥವಾಗದ ಮಾತು ಬಂದರೆ ಮನೆಯ ಹಿರಿಯರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ಬಿಟ್ಟು ಮುಂದಕ್ಕೆ ಹೋಗಿ, ಕೊನೆಯ ಮಾತನ್ನು ಮಾತ್ರ ಬಿಡಬೇಡಿ.

ನಾನು ನೀಲಗಂಗವ್ವ, ಒಡ್ಡಿನಮನಿ ಎಂಬ ಮನೆತನದವಳು. ನಿಮ್ಮ ಹೆಸರಿನಲ್ಲಿ ಇವತ್ತು ಬೆಳಿಗ್ಗೆ ಒಂದು ಒಪ್ಪಿಗೆ ಕೊಟ್ಟು ಬಂದಿದ್ದೇನೆ. ನೀವು ಯಾರೂ ನನ್ನನ್ನು ಹಾಗೆ ಮಾಡೆಂದು ಕೇಳಿರಲಿಲ್ಲ. ಅದಕ್ಕೇ ಈ ಓಲೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಹೊಲದ ನೀರನ್ನು ಹೊರಗೆ ಹರಿಸಲು ಬಸಿಗಾಲುವೆ ತೆಗೆಯಬೇಕೆಂದರೆ ಪ್ರತಿ ಮನೆಯ ಹಿರಿಯರೂ ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು ತಂದು ಕಾಲುವೆಯ ಬಾಯಿ ಬರುವ ಜಾಗದಲ್ಲಿ ಹಾಕಬೇಕು. ಒಬ್ಬರು ಹಾಕದಿದ್ದರೂ ಗುದ್ದಲಿ ಏಳುವಂತಿಲ್ಲ. ಕಟ್ಟಕಡೆಯ ಹಿಡಿ ಯಾವ ಮನೆಯದ್ದೂ ಅಲ್ಲ, ಅದು ಹುಟ್ಟದವರದ್ದು. ಅವರ ಪರವಾಗಿ ಪ್ರತಿ ವರ್ಷ ಒಬ್ಬರನ್ನು ಆರಿಸುತ್ತೇವೆ. ಸಾಮಾನ್ಯವಾಗಿ ಜಗಳಗಂಟರನ್ನೇ ಆರಿಸುತ್ತೇವೆ, ಸುಲಭಕ್ಕೆ ಹೂಂ ಅನ್ನಬಾರದಲ್ಲ! ಈ ವರ್ಷ ಊರಿಗೆ ಊರೇ ನನ್ನ ಕಡೆ ಬೆರಳು ತೋರಿಸಿತು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಈಗ ಮಣ್ಣಿನ ವಿಷಯ. ನಿಮ್ಮ ಕಾಲಕ್ಕೆ ಅದು ಉಳಿದಿರದಿದ್ದರೆ ಹೇಗಿತ್ತೆಂದಾದರೂ ತಿಳಿದಿರಲಿ. ಬಹಳ ಹಿಂದೆ, ಮನುಷ್ಯರು ಬರುವುದಕ್ಕೂ ಮೊದಲು, ಈ ಬಯಲಿನ ಬಡಗಣಕ್ಕೆ ಬೆಟ್ಟದೆತ್ತರ ಮಂಜುಗಡ್ಡೆ ನಿಂತಿತ್ತಂತೆ. ಅದು ಕರಗಿ ಹರಿದ ನೀರು ಉಸುಕನ್ನೂ ಸಣ್ಣ ಹರಳುಗಳನ್ನೂ ತೊಳೆದು ತಂದು ಇಲ್ಲಿ ಹಾಸಿತು. ಅದಕ್ಕೇ ಇದು ತೊಳೆಬಯಲು. ಬಂದ ಹೊಸಬರೆಲ್ಲ ಕೇಳುವುದು ಒಂದೇ ಮಾತು, ಉಸುಕಿನಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು. ತೂತಿಲ್ಲದ ಗಡಿಗೆಗೆ ಉಸುಕು ತುಂಬಿ ನೀರು ಹೊಯ್ದು ನೋಡಿ. ಉಸುಕು ನೀರನ್ನು ತಡೆಯುವುದಿಲ್ಲ ನಿಜ, ಆದರೆ ಆ ನೀರಿಗೆ ಹೋಗಲು ಜಾಗ ಬೇಕಲ್ಲ. ಬಯಲು ರೊಟ್ಟಿ ಬಡಿದ ಹಾಗೆ ಚಪ್ಪಟೆಯಾಗಿದೆ, ಕೆಳಗೆಲ್ಲ ನೀರು ತುಂಬಿದೆ. ಕರಗುತಿಂಗಳಲ್ಲಿ ಅದು ಮೇಲಿನಿಂದ ಸುರಿಯುವುದಿಲ್ಲ, ಕೆಳಗಿನಿಂದ ಎದ್ದು ಬರುತ್ತದೆ.

ಗುಂಡಿ ತೋಡಿದರೆ ಮೊದಲು ಸಿಗುವುದು ಕರಿಮೇಲು, ಮೊಳದಷ್ಟು ದಪ್ಪದ ಕಪ್ಪು ಮಣ್ಣು. ಆಪು ಹುಲ್ಲಿನ ಬೇರು ನೀರಿನಲ್ಲಿ ಪೂರ್ತಿ ಕೊಳೆಯಲಾಗದೆ ಸಾವಿರಾರು ವರ್ಷ ಕೂಡಿಕೂಡಿ ಆದದ್ದು ಅದು. ಹಿಂಡಿದರೆ ಬೆರಳಿಗೆ ಮಸಿ ಹತ್ತುತ್ತದೆ. ಅದರ ಕೆಳಗಿನದು ಬೂದಿಪದರ, ಗಾಳಿಯಾಡದೆ ಬಣ್ಣ ಸತ್ತ ಉಸುಕು. ಅದರ ತುಂಬ ತುಕ್ಕಿನ ಚುಕ್ಕೆಗಳು, ಹಳೆಯ ಬೇರಿಳಿದ ದಾರಿಯುದ್ದಕ್ಕೂ ಕೆಂಪು ಗೆರೆಗಳು. ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇಳಿದಿತ್ತು, ಕರಗುತಿಂಗಳಲ್ಲಿ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಆ ಚುಕ್ಕೆಗಳನ್ನು ನೋಡಿಯೇ ಹೇಳಬಹುದು. ಇನ್ನೂ ತೋಡಿದರೆ ಕೊಳೆತ ಮೊಟ್ಟೆಯ ವಾಸನೆ, ಹರಳು, ನೀರು. ಅಲ್ಲಿಗೆ ಗುಂಡಿಯ ಗೋಡೆ ಕುಸಿಯುತ್ತದೆ, ತೋಡುವವರು ಬಯ್ಯುತ್ತ ಮೇಲೆ ಬರುತ್ತಾರೆ.

ತೆಂಕಣದ ಬಿಸಿಲಿನಿಂದ ಓಡಿ ಬಂದ ನಮ್ಮ ಮುತ್ತಜ್ಜಂದಿರು ಎರೆಹೊಲದವರು. ಅವರ ಊರಿನ ಎರೆ ಆಳುದ್ದ ಕಪ್ಪು, ಮಳೆ ಅಪರೂಪ. ಬಿದ್ದ ಹನಿ ಹರಿದುಹೋಗದಂತೆ ಹೊಲಕ್ಕೆ ಒಡ್ಡು ಹಾಕುವುದೇ ಅಲ್ಲಿ ಜಾಣತನ. ಇಲ್ಲಿಯ ಕಪ್ಪು ಕಂಡಕೂಡಲೇ ಅವರು ನೆಲಕ್ಕೆ ಹಣೆ ಹಚ್ಚಿ, "ಎರಿ ಸಿಕ್ತಲೇ!" ಎಂದು ಅತ್ತರಂತೆ. ಮರುದಿನವೇ ಒಡ್ಡು ಹಾಕಲು ನಿಂತರು. ನೀರು ಹೆಚ್ಚಾಗಿ ಸಾಯುತ್ತಿದ್ದ ನೆಲಕ್ಕೆ ನೀರು ಕಟ್ಟಿದರು! ಎಲ್ಲರಿಗಿಂತ ಉದ್ದನೆಯ ಒಡ್ಡು ನಮ್ಮ ಮುತ್ತಜ್ಜನದು. ಬಾರ್ಲಿ ಮೊಳಕೆಯಲ್ಲೇ ಹಳದಿಯಾಗಿ ಕೊಳೆಯಿತು. ಅಂದಿನಿಂದ ನಮ್ಮ ಮನೆಗೆ ಒಡ್ಡಿನಮನಿ ಎಂಬ ಹೆಸರು ಬಂತು. ಈಗಲೂ ಮದುವೆಮನೆಯಲ್ಲಿ ನೀರಿನ ತಂಬಿಗೆ ಉರುಳಿದರೆ ಸಾಕು, "ನೀಲವ್ವನ್ನ ಕರೀರಿ, ಒಡ್ಡು ಹಾಕ್ತಾಳ" ಎಂದು ನಗುತ್ತಾರೆ.

ಆಮೇಲೆ ಬುದ್ಧಿ ಬಂತು, ಅದೂ ಅತಿಯಾಗಿ ಬಂತು. ತೆಂಕಣ ಹೊಲಕ್ಕೆ ಬಸಿಗಾಲುವೆ ತೆಗೆದರು. ನಾನು ಆಗ ಲಂಗದ ಹುಡುಗಿ. ನೀರು ಹಳ್ಳಕ್ಕೆ ಇಳಿದು ಆ ವರ್ಷ ಬಂದ ಬೆಳೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಳ್ಳಮವಾಸ್ಯೆಗೆ ಭೂತಾಯಿಯ ಎಡೆಯೆಂದು ಹಿಮದ ಮೇಲೆ ಚರಗ ಚೆಲ್ಲುವಾಗ ಕಾಗೆಗಳಿಗೂ ಸಾಕಾಗಿ ಉಳಿದಿತ್ತು. ಆದರೆ ಕರಿಮೇಲು ನೀರಿನಿಂದಲೇ ಬದುಕಿದ್ದ ಮಣ್ಣು. ಗಾಳಿ ತಾಗಿದ ಮೇಲೆ ಬೆಂಕಿಯಿಲ್ಲದೆ ಒಳಗೊಳಗೇ ಕರಗುತ್ತ ಹೋಯಿತು. ವರ್ಷವರ್ಷಕ್ಕೆ ಹೊಲ ಕುಗ್ಗಿತು, ಬೇಲಿಯ ಕಂಬಗಳು ಎತ್ತರವಾದವು. ಒಣಗಿದ್ದನ್ನು ಗಾಳಿ ಎತ್ತಿಕೊಂಡು ಹೋಗಿ ನಮ್ಮ ಹಿಟ್ಟಿನ ಡಬ್ಬಿಯಲ್ಲಿ, ಕೂಸುಗಳ ಕಿವಿಯಲ್ಲಿ ತುಂಬಿತು. ಈಗ ಅಲ್ಲಿ ಬರೀ ಬೂದಿಪದರ ಬಿಸಿಲಿಗೆ ಬಿದ್ದಿದೆ. ಅಲ್ಲಿ ಆಡಿಗೆ ಮುಳ್ಳು ಕೂಡ ಸಿಗುವುದಿಲ್ಲ.

ಉಳಿದದ್ದು ಈ ಬಡಗಣ ಹೊಲ ಒಂದೇ. ಅದನ್ನು ನಿಮಗಾಗಿ ನೀರು ನಿಂತ ಜವಳಾಗಿಯೇ ಬಿಟ್ಟಿದ್ದೆವು. ಅಲ್ಲಿ ಬಾತುಗಳು ಇಳಿಯುತ್ತವೆ, ಆಪು ಕೊಯ್ದು ಚಾಪೆ ನೇಯುತ್ತೇವೆ, ಅದರ ಅಂಚಿನಲ್ಲಿ ಸ್ವಲ್ಪ ಬಾರ್ಲಿ ಬರುತ್ತದೆ. ಹಿಂದಿನ ಶರದೃತುವಿನಲ್ಲಿ ತೆಂಕಣದಿಂದ ಮತ್ತೆ ಜನ ಬಂದರು. ನಮ್ಮದೇ ಮಾತಿನವರು, ನಮ್ಮದೇ ರೊಟ್ಟಿಯವರು, ಅರ್ಧ ಊರಿನಷ್ಟು ಮಂದಿ. ಹಿಂದಕ್ಕೆ ಹೋಗಿ ಎನ್ನಲು ಅವರ ಹಿಂದೆ ಊರೇ ಇರಲಿಲ್ಲ. ಚಳಿಗಾಲಕ್ಕೆ ಇದ್ದ ಕಾಳನ್ನು ಹಂಚಿಕೊಂಡೆವು. ಕರಗುತಿಂಗಳು ಹುಟ್ಟುವ ಹೊತ್ತಿಗೆ ಕಾಳು ತುಂಬುವ ಹಗೇವಿನ ತಳ ಕಾಣಿಸಿತು, ಎಲ್ಲರ ಕಣ್ಣು ಬಡಗಣಕ್ಕೆ ತಿರುಗಿತು.

ಮನೆಮನೆಯವರು ಮಣ್ಣು ಹಾಕಿದರು. ನಾನು ಹಾಕಲಿಲ್ಲ. ಕಾಲುವೆಯ ಬಾಯಿಯ ಮೇಲೆ ಕೂತುಬಿಟ್ಟೆ. ಊರ ಹಿರಿಯ ಮಲಕಾಜಪ್ಪ ಕೋಲೂರಿಕೊಂಡು ಬಂದ.

"ನೀಲವ್ವಾ, ಹುಟ್ಟದವ್ರಿಗೆ ಹಸಿವಿ ಇರೂದಿಲ್ಲಬೇ," ಎಂದ.

"ಹುಟ್ಟಿದ ಮ್ಯಾಲೆ ಇರತೈತಿ ಕಾಕಾ. ಆವಾಗ ಅವ್ರು ಯಾರ ಹೊಲಕ್ಕ ಹೋಗಬೇಕು?" ಎಂದೆ. ಅವನು ಕೋಲೂರುತ್ತ ಹಿಂದಕ್ಕೆ ಹೋದ. ಗೆದ್ದೆ ಎಂದುಕೊಂಡೆ.

ನಿನ್ನೆ ಸಂಜೆ ಹೊಸಬರ ಕೇರಿಯ ಬಾಳವ್ವ ಎಂಬವಳು ನನ್ನನ್ನು ಊಟಕ್ಕೆ ಕರೆದಳು. ಬೈಯಲು ಕರೆದಿರಬೇಕು ಎಂದುಕೊಂಡೇ ಹೋದೆ. ಅವಳು ನನ್ನ ಮುಂದೆ ಒಂದು ರೊಟ್ಟಿ, ಪುಂಡಿಪಲ್ಯದ ರುಚಿ ಬರಲೆಂದು ಹುಳಿ ಹಿಂಡಿದ ಯಾವುದೋ ಸೊಪ್ಪು ಇಟ್ಟಳು. ಕಾಲುವೆಯ ಮಾತು ಎತ್ತಲೇ ಇಲ್ಲ.

"ಉಣ್ರಿ ಅವ್ವಾರ. ನಮ್ದು ಆಗೇತಿ."

ಮೂಲೆಯಲ್ಲಿದ್ದ ಅವಳ ಸಣ್ಣ ಮಗಳು, "ಯವ್ವಾ, ನಂದು ಆಗಿಲ್ಲಲ್ಲ?" ಎಂದಿತು. ಬಾಳವ್ವ ಅದರ ತೊಡೆ ಚಿವುಟಿದಳು. ಮಗು ಅಳಲಿಲ್ಲ, ನನ್ನ ರೊಟ್ಟಿಯನ್ನೇ ನೋಡುತ್ತ ಕೂತಿತು. ಮುರಿದು ಕೊಡಲು ಹೋದೆ. "ಬ್ಯಾಡ್ರಿ, ನೀವು ಬೀಗರಂಗ ಬಂದೀರಿ, ನಮ್ಮ ಮಾನ ತಗೀಬ್ಯಾಡ್ರಿ," ಎಂದು ಬಾಳವ್ವ ನನ್ನ ಕೈ ಹಿಡಿದಳು. ನಾನು ಆ ರೊಟ್ಟಿ ತಿಂದೆ. ಇಡೀ ರೊಟ್ಟಿ ತಿಂದೆ.

ಇವತ್ತು ಬೆಳಿಗ್ಗೆ ಬಡಗಣ ಹೊಲಕ್ಕೆ ಹೋಗಿ, ನೀರಿನೊಳಗೆ ಕೈಯಿಳಿಸಿ, ಒಂದು ಹಿಡಿ ಕರಿಮೇಲು ತೆಗೆದೆ. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ತಂದು ಕಾಲುವೆಯ ಬಾಯಿಯಲ್ಲಿ ಹಾಕಿದೆ. ಜನ ಕೇಕೆ ಹಾಕಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವರು. ಮಲಕಾಜಪ್ಪ ನನ್ನ ಮುಖ ನೋಡದೆ ಟೋಪಿ ತೆಗೆದ.

ನ್ಯಾಯವಾಗಿ ಮಾಡಿದೆ ಎಂದು ನಿಮಗೆ ಹೇಳಲಾರೆ. ಎರಡು ಹಸಿವುಗಳನ್ನು ತೂಗಿ ನೋಡಿದೆ ಎಂದರೂ ಸುಳ್ಳೇ ಆದೀತು. ಆ ಕೂಸು ನನ್ನ ಎದುರಿಗೆ ಕೂತಿತ್ತು, ನೀವು ಕೂತಿರಲಿಲ್ಲ. ನಿಮ್ಮ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ. ನಿಮ್ಮ ಪರವಾಗಿ ಜಗಳವಾಡಲು ನನ್ನನ್ನು ಕೂರಿಸಿದ್ದರು, ನಾನೇ ನಿಮ್ಮ ತಟ್ಟೆಯಿಂದ ತೆಗೆದು ಅದಕ್ಕೆ ಬಡಿಸಿದೆ. ಬರೆಯುತ್ತಿರುವಾಗಲೂ ಕೈ ಕಪ್ಪಾಗಿಯೇ ಇದೆ, ತೊಳೆಯಲು ಮನಸ್ಸು ಬರುತ್ತಿಲ್ಲ. ನನಗೆ ಬಯ್ಯಿರಿ. ನನ್ನ ಹೆಸರು ಹಿಡಿದೇ ಬಯ್ಯಿರಿ, ಬಾಳವ್ವನ ಮಗಳಿಗೆ ಮಾತ್ರ ಬಯ್ಯಬೇಡಿ. ನಿಮ್ಮಲ್ಲಿ ಎಷ್ಟೋ ಜನ ಅವಳ ಹೊಟ್ಟೆಯಿಂದಲೇ ಬಂದವರಿರಬಹುದು.

ಮಣ್ಣು ಹಾಕುವ ಮೊದಲು ಊರವರಿಂದ ಎರಡು ಮಾತು ಕಸಿದುಕೊಂಡಿದ್ದೇನೆ. ಒಂದು, ಕಾಲುವೆಯ ಬಾಯಿಗೆ ಕಲ್ಲು ಕೂರಿಸಿ, ಅದರಲ್ಲಿ ಸೀಳು ಕೊರೆದು, ಬೇಕಾದಾಗ ನೀರು ತಡೆಯಲು ಆ ಸೀಳಿನಲ್ಲಿ ಇಳಿಸುವಂಥ ಹಲಗೆಗಳನ್ನು ಮಾಡಿಡಬೇಕು. ಎರಡನೆಯದಕ್ಕೆ ಎಲ್ಲರೂ ನಕ್ಕರು. ಬಡಗಣ ಹೊಲದ ಸುತ್ತ ಹುಲ್ಲು ಬೆಳೆದು ಮಲಗಿರುವ ನಮ್ಮ ಮುತ್ತಜ್ಜನ ಒಡ್ಡನ್ನು ಯಾರೂ ಕೆಡವಬಾರದು ಎಂದೆ. "ಇನ್ನೂ ಬಿಟ್ಟಿಲ್ಲೇನಬೇ ನಿಮ್ಮ ಒಡ್ಡಿನ ಹುಚ್ಚು?" ಎಂದರು. ಬಿಟ್ಟಿಲ್ಲ. ಅವನು ಕಟ್ಟಿದ ಕಾಲ ತಪ್ಪಿತ್ತು, ಅಷ್ಟೇ.

ಕಾಲುವೆಯ ಬಾಯಿಗೆ ಕಲ್ಲು ಕೂರಿಸುವ ದಿನ ಈ ಓಲೆಯನ್ನು ಗಡಿಗೆಯಲ್ಲಿಟ್ಟು ಅದರಡಿ ಹೂಳುತ್ತೇನೆ. ಕಾಲುವೆಯಲ್ಲಿ ತುಕ್ಕಿನ ಕೆಂಪು ಕೆನೆ ಕಟ್ಟಿ ನೀರು ನಿಂತಾಗ ಯಾರಾದರೂ ಅಗೆಯಲೇಬೇಕು, ಆಗ ಇದು ಸಿಗುತ್ತದೆ. ಸಿಕ್ಕ ದಿನ ಮೊದಲು ಹೊಲಕ್ಕೆ ಹೋಗಿ ಅಗೆದು ನೋಡಿ. ಕರಿಮೇಲು ಗೇಣಿನಷ್ಟಾದರೂ ಉಳಿದಿದ್ದರೆ ಕಾಲುವೆಯ ಹೂಳು ತೆಗೆಯಬೇಡಿ. ಗಡಿಗೆಯ ಪಕ್ಕದಲ್ಲೇ ಹಲಗೆಗಳಿರುತ್ತವೆ, ಎಣ್ಣೆ ಹಚ್ಚಿ ಇಡುತ್ತೇನೆ. ಅವನ್ನು ಇಳಿಸಿ. ನೀರು ಏರಲಿ, ಒಡ್ಡಿಗೆ ಬಂದು ನಿಲ್ಲಲಿ, ಆಪು ಹುಲ್ಲು ಮತ್ತೆ ಬರಲಿ.

ಅವತ್ತೂ ಯಾರದೋ ಮಗು ಹಸಿದು ನಿಮ್ಮನ್ನೇ ನೋಡುತ್ತಿರುತ್ತದೆ, ಅದು ನನಗೆ ಗೊತ್ತು. ನನ್ನಿಂದ ಆಗಲಿಲ್ಲ. ನಿಮ್ಮಿಂದ ಆಗಲಿ ಎಂದು ಕೇಳುವ ಮುಖವೂ ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಮಕ್ಕಳೇ. ಹಲಗೆ ಇಳಿಸಿ.

ನಿಮ್ಮ ಪಾಲಿನದನ್ನು ಉಂಡ,
ನೀಲಗಂಗವ್ವ