ಎರಡು ಚಾನೆಲ್ ಸಾಕು

ಮಾರ್ಚ್ 3, ಬೆಳಿಗ್ಗೆ

ಹಬೆ ತೆಗೆದುಕೊಂಡೆ. ಉಪ್ಪುನೀರು ಮುಕ್ಕಳಿಸಿದೆ. ಆದರೂ ದನಿ ಏಳಲಿಲ್ಲ. ಡಬ್ಬಿಂಗ್ ಸ್ಟುಡಿಯೋದಿಂದ ಫೋನ್ ಬರುವುದು ನಿಂತಿದೆ. ಕಾರ್ಟೂನಿನ ತುಂಟ ಅಳಿಲಿಗೆ ಈಗ ಬೇರೆ ಯಾರೋ ಮಾತಾಡುತ್ತಾಳಂತೆ. ಮಾತಾಡಲಿ.

ಗಂಟಲಲ್ಲಿ ಗಡ್ಡೆ. ತಿಂಗಳ ಕೊನೆಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ. ನನಗೆ ಗೊತ್ತು, ಇವರಿಗೆ ಗೊತ್ತು. ಅತ್ತೆಗೆ ಶೀತ ಎಂದಿದ್ದೇವೆ. ಅವರ ಕಣ್ಣು ಹೋಗಿ ಎಷ್ಟೋ ವರ್ಷ. ಅವರ ಪಾಲಿಗೆ ನಾನೆಂದರೆ ಈ ದನಿ, ಅಷ್ಟೇ.

ಅದಕ್ಕೇ ಚಿಕ್ಕ ಕೋಣೆಯಲ್ಲಿ ರೆಕಾರ್ಡಿಂಗ್ ಏರ್ಪಾಡು. “ಮಾತ್ರೆ ತಗೊಳ್ಳಿ ಅತ್ತೆ”, “ಇಲ್ಲೇ ಇದೀನಿ ಅತ್ತೆ”... ದಿನದ ಮಾತುಗಳನ್ನೆಲ್ಲ ತುಂಬಿಡುವುದು. ಬೇಕಾದಾಗ ಹಾಕುವುದು. ಸ್ಟುಡಿಯೋದ ಸೌಂಡಿನವರು ಫೋನಿನಲ್ಲಿ ರೆಕಾರ್ಡ್ ಮಾಡುವುದು ಬೇಡ ಎಂದರು. ದನಿ ಈಗಲೇ ಸಣ್ಣಗಾಗಿದೆ, ಒಳ್ಳೆಯ ಮೈಕು ಬೇಕು, ಆ ಮೈಕಿಗೆ ಕರೆಂಟು ಕೊಡುವ ಮಿಕ್ಸರ್ ಬೇಕು. ನಮ್ಮಲ್ಲಿಗೇ ಬನ್ನಿ ಎಂದೂ ಕರೆದರು. ಅಲ್ಲಿಗೆ ಕಾಲಿಡಲು ಮನಸ್ಸಿಲ್ಲ.

ಇವರದು ತಕ್ಕಡಿ ರಿಪೇರಿ. ಅಳೆದು ತೂಗುವುದೇ ಕಸುಬು. ಈಗ ಮಿಕ್ಸರುಗಳನ್ನು ತೂಗುತ್ತಿದ್ದಾರೆ.

ಮಾರ್ಚ್ 6

ಊಟದ ಟೇಬಲ್ಲಿನ ಮೇಲೆ ಬರೀ ಮಿಕ್ಸರುಗಳ ಚಿತ್ರ. ತಟ್ಟೆ ಇಡಲು ಜಾಗವಿಲ್ಲ.

“ಎಂಟು ಚಾನೆಲ್‌ದು ತಗೊಂಡ್ಬಿಡೋಣ. ಎಕೋನೂ ಇದೆ.”

“ಎರಡು ಚಾನೆಲ್ ಸಾಕು ಕಣ್ರೀ. ನನಗಿರೋದು ಒಂದೇ ಬಾಯಿ.”

“ಹಾಗಲ್ವೇ, ಮುಂದೆ ಉಪಯೋಗಕ್ಕೆ ಬರುತ್ತೆ...”

“ಮುಂದೆ ಅಂದ್ರೆ?”

ತಲೆ ತಗ್ಗಿಸಿದರು. ಅಷ್ಟರಲ್ಲಿ ರೂಮಿನಿಂದ ಅತ್ತೆ, “ಮಿಕ್ಸಿ ಇದೆಯಲ್ಲೋ ಮನೇಲಿ! ಇನ್ನೊಂದು ಯಾಕೋ, ದುಂದು!” ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನನ್ನ ನಗು ಕೆಮ್ಮಾಯಿತು. ಕರ್ಚೀಫಿನಲ್ಲಿ ರಕ್ತ. ಮಡಚಿಟ್ಟೆ.

ಮಾರ್ಚ್ 10, ಸಂಜೆ

ಅಂಗಡಿಗೆ ಹೋಗಿದ್ದೆವು. ಗಾಜಿನ ಕಪಾಟಿನ ತುಂಬ ಮಿಕ್ಸರು, ಸಾಲುಸಾಲು ಗುಂಡಿ. ಇವರು ಪ್ರತಿಯೊಂದನ್ನೂ ಕೈಯಲ್ಲಿ ಎತ್ತಿ ನೋಡಿದರು, ಭಾರ ಇದ್ದರೆ ಗಟ್ಟಿ ಎಂಬಂತೆ. ಅಂಗಡಿಯವನು ಮೈಕು ಕೊಟ್ಟ. “ಏನಾದ್ರೂ ಮಾತಾಡಿ ಅಕ್ಕ.” ಮಾತಾಡಿದೆ. ಹೆಡ್‌ಫೋನ್ ತೆಗೆದು ನಕ್ಕ. “ಗಂಟಲು ಕಟ್ಟಿದೆ ನಿಮ್ಗೆ. ಸರಿಹೋದ್ಮೇಲೆ ಬನ್ನಿ, ಆಗ ಸರಿಯಾಗಿ ಗೊತ್ತಾಗುತ್ತೆ.”

ಇವರು ತಕ್ಷಣ, “ಹೌದು, ಹಾಗೇ ಮಾಡೋಣ” ಎಂದು ಹೊರಟೇಬಿಟ್ಟರು. ಎಷ್ಟು ನೆಮ್ಮದಿ ಆ ಮುಖದಲ್ಲಿ! ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ರೂಢಿಯಾಗಲಿ ಇವರಿಗೆ.

ಮಾರ್ಚ್ 15

ಇವತ್ತೂ ಅದೇ. ಯಾವನೋ ವಿಡಿಯೋದಲ್ಲಿ ಒಂದು ಮಿಕ್ಸರಿನ ಗುಣ ಹೇಳಿದ, ಇನ್ನೊಬ್ಬ ಅದನ್ನೇ ಹಳಿದ. ರೇಗಿಹೋಯಿತು.

“ನೀವು ಆರಿಸ್ತಾ ಕೂತಿರೋ ತನಕ ಆಪರೇಷನ್ ಬರಲ್ಲ ಅಂದ್ಕೊಂಡಿದೀರಾ?”

“ಹೌದು ಕಣೇ” ಎಂದರು. ಮೆಲ್ಲಗೆ.

ಪಕ್ಕದಲ್ಲಿ ಕೂತೆ. ಇಬ್ಬರೂ ಫೋನಿನಲ್ಲಿ ಮಿಕ್ಸರುಗಳನ್ನು ನೋಡಿದೆವು. ಎಷ್ಟೋ ಹೊತ್ತು.

ಮಾರ್ಚ್ 17

ಆಸ್ಪತ್ರೆಯಿಂದ ಫೋನ್. ಗಡ್ಡೆ ಕಾಯುವುದಿಲ್ಲವಂತೆ. ನಾಳೆಯೇ ಬಂದು ಸೇರಿಕೊಳ್ಳಿ ಎಂದರು.

ನಾನೇ ಅಂಗಡಿಗೆ ಹೋದೆ. ಎರಡು ಚಾನೆಲ್‌ದು, ಕೈಗೆ ಸಿಕ್ಕಿದ ಮೊದಲನೆಯದು. ಕಿಟಕಿಗೆ ಕಂಬಳಿ ಕಟ್ಟಿ ಶುರು ಮಾಡಿದೆವು. ಮೊದಲು ಗುಂಯ್ ಎಂಬ ಸದ್ದು. ವೈರು ಬದಲಿಸಿದ ಮೇಲೆ ನಿಂತಿತು. ಆಮೇಲೆ ಸ್ಪಷ್ಟವಾಗಿ ಕೇಳಿಸಿತು... ಯಾರೋ ಮುದುಕಿಯ ಗೊಗ್ಗರು ದನಿ. ಇವರು ಒಂದೊಂದೇ ಗುಂಡಿ ತಿರುಗಿಸಿದರು. ಟ್ರೆಬಲ್ ಏರಿಸಿದರು, ಬೇಸ್ ಇಳಿಸಿದರು. ಮತ್ತೆ ಏರಿಸಿದರು.

“ಬಿಡಿ. ಗುಂಡಿ ತಿರುವಿದ್ರೆ ಬರೋದಲ್ಲ ಅದು.”

“ಒಂದ್ನಿಮಿಷ ಇರೇ. ಇಲ್ಲೇ ಎಲ್ಲೋ ಇದೆ.”

ಇಷ್ಟು ದಿನ ಯಾಕೆ ಕಾದೆವು? ಹೋದ ವಾರ ಫೋನಿನಲ್ಲೇ ಹಿಡಿದಿಟ್ಟಿದ್ದರೂ ಇದಕ್ಕಿಂತ ಹೆಚ್ಚು ನಾನಾಗಿರುತ್ತಿದ್ದೆ. ಇರುವ ದನಿ ಮುಗಿಯುವವರೆಗೂ ಹೇಳಿದೆ. “ಇಲ್ಲೇ ಇದೀನಿ ಅತ್ತೆ” ಎನ್ನುವಾಗ ಒಡೆದುಹೋಯಿತು. ಅದೇ ಉಳಿಯಿತು.

ಏಪ್ರಿಲ್ 21

ಮನೆ. ಕತ್ತಿನಲ್ಲಿ ತೂತು. ಉಸಿರು ಅಲ್ಲಿಂದ. ಬಳೆ ಕೈಯಲ್ಲಿ ನಿಲ್ಲುತ್ತಿಲ್ಲ, ತೆಗೆದಿಟ್ಟೆ. ಅತ್ತೆಯ ಹತ್ತಿರ ಹೋಗಲು ಧೈರ್ಯ ಸಾಲದು.

ಏಪ್ರಿಲ್ 23

ಇವರು ರೆಕಾರ್ಡ್ ಹಾಕಿದರು. ನಾನು ಮಂಚದ ಪಕ್ಕ ನಿಂತಿದ್ದೆ. ಅತ್ತೆ ತಲೆಯೆತ್ತಿ ಕೇಳಿದರು. ಮತ್ತೊಮ್ಮೆ ಹಾಕು ಎಂದರು. ಕೇಳಿದರು.

“ಅವಳು ಹೋಗಿಬಿಟ್ಟಳಲ್ಲೋ” ಎಂದರು.

“ಇಲ್ಲಮ್ಮ! ಇಲ್ಲೇ ಇದಾಳೆ, ನೋಡು, ಕೈ ಮುಟ್ಟು...”

“ಶೀತ ಅಂದೆ. ತಿಂಗಳಿಂದ ಅವಳ ದನಿ ಇಲ್ಲ. ಈಗ ಪೆಟ್ಟಿಗೇಲಿ ಮಾತಾಡಿಸ್ತಿದೀಯ. ನನ್ನ ಸಮಾಧಾನಕ್ಕೆ ಯಾರ ಕೈನೂ ತಂದಿಡಬೇಡ.”

ಇವರು ಎಲ್ಲ ಬಿಡಿಸಿ ಹೇಳಿದರು. ಒಂದು ಸಲ ಸುಳ್ಳು ಹೇಳಿ ಆಗಿದೆ. ಯಾಕೆ ನಂಬುತ್ತಾರೆ? ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗಾಗಿ. ನಾನು ನೋಡುತ್ತ ನಿಂತಿದ್ದೆ.

ಏಪ್ರಿಲ್ 30

ಅತ್ತೆ ನನ್ನನ್ನು ನರ್ಸ್ ಎಂದುಕೊಂಡಿದ್ದಾರೆ. ಬಹುವಚನ. ನೀರು ಕೊಟ್ಟರೆ “ಪುಣ್ಯ ಬರಲಿ ನಿಮಗೆ” ಎನ್ನುತ್ತಾರೆ. ಇವತ್ತು ಸೊಸೆಯ ಕಥೆ ಹೇಳಿದರು. “ಬಾಯಿ ಜೋರು ಕಣಮ್ಮ. ಎದುರುತ್ತರ ಬೇರೆ. ಆದ್ರೆ ಅವಳು ಮಾತಾಡ್ತಿದ್ರೆ ನನಗೆ ಮನೆ ಕಾಣ್ತಿತ್ತು.”

ಕಾಣ್ತಿತ್ತು. ಇದನ್ನು ನಾನಿದ್ದಾಗ ಒಂದು ದಿನವೂ ಹೇಳಲಿಲ್ಲ. ನಾನಿದ್ದಾಗ... ಏನು ಬರೆಯುತ್ತಿದ್ದೇನೆ.

ಮಿಕ್ಸರ್ ಅನ್ನು ಇವರು ಮತ್ತೆ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟರು.

ಮೇ 4, ಮಧ್ಯಾಹ್ನ

ಅತ್ತೆ ಇವತ್ತು, “ನಿಮ್ಮ ಹೆಸರೇ ಕೇಳ್ಲಿಲ್ವಲ್ಲಮ್ಮ” ಎಂದರು. ಅವರ ಅಂಗೈ ಬಿಡಿಸಿ ಬೆರಳಲ್ಲಿ ಬರೆದೆ. “ಕಚಗುಳಿ ಇಡ್ತೀರಾ!” ಎಂದು ಕೈ ಕಿತ್ತುಕೊಂಡರು. ಮತ್ತೆ ಹಿಡಿದೆ. ದೊಡ್ಡದಾಗಿ, ನಿಧಾನವಾಗಿ, ಮೊದಲ ಅಕ್ಷರ. ಅತ್ತೆ ಕೈ ತೆಗೆಯಲಿಲ್ಲ. ಎರಡನೆಯದು ಬರೆಯುವಾಗ ಅವರ ತುಟಿ ನನ್ನ ಹೆಸರಿಗೆ ಅಲುಗಿತು.