ತೇಗಕ್ಕೆ ತುಕ್ಕು ಹಿಡಿಸಿದವನಿಗೆ

ಲೋ ಮಹಾನುಭಾವ,

ದೋಣಿಯ ತೇಗದ ಅಂಚಲ್ಲಿ ಕಂದು ಚುಕ್ಕೆ ಎದ್ದಿದ್ದು ಯಾಕೆ ಅಂತ ಗೊತ್ತಾಯ್ತು. ವಾರ್ನಿಶ್ ಹಚ್ಚೋ ಮುಂಚೆ ನೀನು ಅದನ್ನ ಪಾತ್ರೆ ತಿಕ್ಕೋ ಕಬ್ಬಿಣದ ನಾರಲ್ಲಿ ಉಜ್ಜಿದ್ದೀಯ. ಆ ಚೂರೆಲ್ಲ ಮರದೊಳಗೆ ಕೂತು ತುಕ್ಕು ಹಿಡಿದಿದೆ. ತೇಗಕ್ಕೂ ತುಕ್ಕು ಹಿಡಿಸೋಕೆ ನಿನ್ನಂಥ ಬುದ್ಧಿವಂತನೇ ಬೇಕಿತ್ತು!

ಇವತ್ತೇ ವಾರ್ನಿಶ್ ಪೂರ್ತಿ ಹೆರೆದು ತೆಗಿ. ಸ್ಯಾಂಡ್ ಪೇಪರನ್ನ ಮರದ ಗೆರೆ ಹೋದ ಹಾಗೇ ಎಳಿ, ಅಡ್ಡಡ್ಡ ಉಜ್ಜಿ ಇನ್ನೊಂದು ಘನಕಾರ್ಯ ಮಾಡಬೇಡ. ಆಮೇಲೆ ಥಿನ್ನರ್ ಹಾಕಿದ ಬಟ್ಟೇಲಿ ಒರೆಸು. ತೇಗದ ಎಣ್ಣೆ ಹೋಗದಿದ್ರೆ ವಾರ್ನಿಶ್ ಕೂರಲ್ಲ. ನಾರನ್ನ ನಾನೇ ಬಚ್ಚಿಟ್ಟಿದ್ದೀನಿ, ಹುಡುಕಬೇಡ. ಊಟ ಮುಚ್ಚಿಟ್ಟಿದ್ದೀನಿ, ಕೆಲಸ ಮುಗಿಸಿ ತಿನ್ನು.

ಕಳಪೆ ಮರ ಹಾಕಿ ಮೋಸ ಮಾಡಿದ್ರಿ ಅಂತ ದೋಣಿ ಮಾಡಿಕೊಟ್ಟ ಬಡಗಿ ತಾತನ ಮೇಲೆ ನಡುಬೀದೀಲಿ ಕೂಗಾಡಿದೆಯಲ್ಲ, ಅವರು ಬೆಳಿಗ್ಗೆ ಬಂದಿದ್ರು. ಚುಕ್ಕೆ ಮುಟ್ಟಿ ನೋಡಿದ ಕೂಡಲೇ ಇದು ಕಬ್ಬಿಣದ ನಾರಿನ ತುಕ್ಕು ಅಂದ್ರು. ಆದ್ರೂ "ಅವನ ಬ್ರಶ್ಶಲ್ಲಿ ಕೂದಲು ಉದುರುತ್ತಮ್ಮ, ಇದರಲ್ಲಿ ಹಚ್ಚಲಿ" ಅಂತ ತಮ್ಮದನ್ನೇ ಮೇಜಿನ ಮೇಲಿಟ್ಟು ಹೋದ್ರು. ನನಗೆ ತಲೆ ಎತ್ತೋಕಾಗಲಿಲ್ಲ.

ಬ್ರಶ್ ತೊಳೆದು ನೀನೇ ಹೋಗಿ ಕೊಡಬೇಕು. ತಪ್ಪಾಯ್ತು ಅನ್ನೋದನ್ನೂ ಅದೇ ಬೀದೀಲಿ, ಅಷ್ಟೇ ಜೋರಾಗಿ ಹೇಳು.

ಅಕ್ಕ